ಒಂಬತ್ತನೇ ಕ್ಲಾಸಿನ ಹುಡುಗಿ ಲವ್ ಸ್ಟೋರಿ ಓದಬಹುದಾ?

ಹಾಸನದ ಅಮ್ಮ: ಮಗಳು ಫ್ರೆಂಡ್ ಹತ್ತಿರ ಒಂದು ಇಂಗ್ಲಿಷ್ ಕಾದಂಬರಿ ತಂದು ಓದುತ್ತಿದ್ದಾಳೆ. ಜೆನ್ನಿ ಹಾನ್ ಬರೆದದ್ದು, 2014ರದ್ದು, ‘ಟು ಆಲ್ ದ ಬಾಯ್ಸ್ ಐ ಹ್ಯಾವ್ ಲವ್ಡ್ ಬಿಫೋರ್’. ಹದಿನಾರರ ಹುಡುಗಿ ತಾನು ಇಷ್ಟಪಟ್ಟ ಐದು ಹುಡುಗರಿಗೆ ಕಾಗದ ಬರೆದು, ಕಳಿಸದೆ ಬಚ್ಚಿಟ್ಟಿರುತ್ತಾಳೆ. ಅವು ಅಂಚೆಗೆ ಬಿದ್ದುಬಿಡುತ್ತವೆ. ಮಾನ ಉಳಿಸಿಕೊಳ್ಳಲು ಒಬ್ಬ ಹುಡುಗನ ಜೊತೆ ಸುಳ್ಳು ಲವ್ವಿನ ನಾಟಕ. ತಿರುವಿ ನೋಡಿದೆ, ಕೆಟ್ಟದ್ದೇನೂ ಅನ್ನಿಸಲಿಲ್ಲ. ಆದರೆ ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಬೇಡ ಅನ್ನಲಾ, ಸುಮ್ನೆ ಇರಲಾ?

ತೋಟದ ಮನೆ, ಆಲ್ದೂರು: ಬೇಡ ಅನ್ನಿ ಮೇಡಂ. ತೇಜಸ್ವಿಯವರು ಮೂಡಿಗೆರೆಯಲ್ಲೇ ಕೂತು ಬರೆದಿಟ್ಟು ಹೋಗಿದ್ದಾರೆ. ‘ಕರ್ವಾಲೊ’, ‘ಜುಗಾರಿ ಕ್ರಾಸ್’ ಕೊಡಿ. ಈ ವಯಸ್ಸಿಗೆ ಲವ್ ಯಾಕೆ?

ಪಿಯು ಬೆಂಚು, ಚಿಕ್ಕಮಗಳೂರು: ಅಂಕಲ್, ‘ಜುಗಾರಿ ಕ್ರಾಸ್’ನಲ್ಲೂ ಸುರೇಶ, ಗೌರಿ ಇದ್ದಾರಲ್ಲ! ಎರಡೂ ಓದಿದ್ದೇನೆ, ಎರಡೂ ಇಷ್ಟ. ಆದರೆ ಟ್ಯೂಷನ್‌ನಲ್ಲಿ ಪಕ್ಕದ ಸಾಲಿನವನು ಪೆನ್ನು ಕೇಳಿದಾಗ ಎದೆ ಯಾಕೆ ಢವಢವ ಅನ್ನುತ್ತದೆ ಅಂತ ‘ಕರ್ವಾಲೊ’ದ ಹಾರುವ ಓತಿ ಹೇಳಿಕೊಡಲ್ಲ.

ಹೈಸ್ಕೂಲ್ ಮೇಷ್ಟ್ರು: ನನಗೆ ಭಯ ಇರುವುದು ಬೇರೆ ಕಡೆ. ನಮ್ಮ ಶಾಲೆಯ ಹುಡುಗಿಯರು ಅಮ್ಮನ ಮೊಬೈಲಿನಲ್ಲಿ ಕನ್ನಡದ ಧಾರಾವಾಹಿ ಕಥೆಗಳನ್ನು ಓದುತ್ತಾರೆ. ಕೇಳಿದರೆ ಅವರೇ ಕಥೆ ಹೇಳುತ್ತಾರೆ. ಹೀರೋಗೆ ಮೂವತ್ತು ವರ್ಷ, ಕೋಟ್ಯಧಿಪತಿ, ಸದಾ ಸಿಡುಕು. ಅವಳನ್ನು ಕೈ ಹಿಡಿದು ಎಳೆಯುತ್ತಾನೆ, ಬಲವಂತವಾಗಿ ತಾಳಿ ಕಟ್ಟುತ್ತಾನೆ. ಕೊನೆಯ ಕಂತಿಗೆ ಬರುವಷ್ಟರಲ್ಲಿ ಅದೆಲ್ಲ ಪ್ರೀತಿ ಆಗಿರುತ್ತದೆ! ಮನೆಯಲ್ಲಿ ಮಾತ್ರ ಮಗಳು ಕನ್ನಡ ಓದುತ್ತಿದ್ದಾಳೆ ಅಂತ ಖುಷಿ. ಮೇಡಂ ಹೇಳಿದ ಪುಸ್ತಕದಲ್ಲಿ ಇಬ್ಬರೂ ಒಂದೇ ವಯಸ್ಸಿನವರು. ನಾಟಕಕ್ಕೆ ಮುಂಚೆ ಕೂತು, ಏನು ಮಾಡಬಹುದು ಏನು ಕೂಡದು ಅಂತ ಕರಾರು ಬರೆದುಕೊಳ್ಳುತ್ತಾರೆ. ಇವೆರಡರಲ್ಲಿ ನನ್ನ ಮಗಳ ಕೈಯಲ್ಲಿ ಯಾವುದಿರಬೇಕು ಅಂತ ಕೇಳಿದರೆ ನಾನು ಯೋಚನೆಯನ್ನೇ ಮಾಡಲ್ಲ.

ಹಳೇ ಓದುಗಿ, ಸಕಲೇಶಪುರ: ಮೇಷ್ಟ್ರ ಮಾತು ಸರಿ. ನಾವು ಆ ವಯಸ್ಸಿನಲ್ಲಿ ಬಾಡಿಗೆ ಲೈಬ್ರರಿಯಿಂದ ತ್ರಿವೇಣಿ ತಂದು ಓದಿದವರು. ‘ಶರಪಂಜರ’ ಅಂದರೆ ಮದುವೆಯಾದ ಹೆಂಗಸಿನ ಮನಸ್ಸು ಕೆಡುವ ಕಥೆ, ಹಗುರವೇನಲ್ಲ. ಓದಿ ಅತ್ತೆವು, ಯಾರೂ ಬೇಡ ಅನ್ನಲಿಲ್ಲ. ನಗಿಸುವ ಪುಸ್ತಕ ಬಂದರೆ ಮಾತ್ರ ಹುಡುಗಿ ಹಾಳಾಗುತ್ತಾಳಾ?

ತೋಟದ ಮನೆ, ಆಲ್ದೂರು: ಅದು ಅಮೆರಿಕದ ಕಥೆ ಅಕ್ಕ. ಅಲ್ಲಿ ಹುಡುಗ ಕಾರು ತಂದು ಮನೆ ಮುಂದೆ ನಿಲ್ಲಿಸುತ್ತಾನೆ. ನಮ್ಮ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಇಬ್ಬರು ಜ್ಯೂಸ್ ಕುಡಿಯಲಿ ನೋಡೋಣ. ಗ್ಲಾಸು ಖಾಲಿಯಾಗುವ ಮೊದಲೇ ಮನೆಗೆ ಫೋನ್ ಹೋಗಿರುತ್ತದೆ.

ಪಿಯು ಬೆಂಚು, ಚಿಕ್ಕಮಗಳೂರು: ಅಯ್ಯೋ ಅಂಕಲ್, ಕನ್ನಡದಲ್ಲಿ ಬರೆಯಬೇಕಾದ ಕಥೆಯೇ ಅದು! ಸುಳ್ಳು ಲವ್ ನಾಟಕ ಆಡುವ ಇಬ್ಬರು. ನೋಡುವುದಕ್ಕೆ ಬೇಲೂರು ಬಸ್ಸಿನ ಕಂಡಕ್ಟರ್, ಬೇಕರಿಯವರು, ಹುಡುಗನ ಸೋದರತ್ತೆ. ಶನಿವಾರ ಶುರುವಾದ ನಾಟಕ ಸೋಮವಾರಕ್ಕೆ ಎರಡೂ ಮನೆಯ ಹಜಾರದಲ್ಲಿ. ಅಜ್ಜಿ ಕನ್ನಡಕ ಏರಿಸಿ ‘ಯಾವ ಪೈಕಿ?’ ಅಂತ ಕೇಳಬೇಕು. ಯಾರೂ ಬರೆಯುತ್ತಿಲ್ಲವಲ್ಲ ಅಂತಲೇ ನನಗೆ ಸಿಟ್ಟು. ಮಕ್ಕಳ ಕಥೆ ಮುಗಿದ ಮೇಲೆ ಸೀದಾ ಭೈರಪ್ಪನವರಿಗೇ ಜಿಗಿಯಬೇಕಾ? ನಮ್ಮ ಪಕ್ಕದ ಜಿಲ್ಲೆಯವರೇ, ಗೌರವ ಇದೆ, ಆದರೂ!

ಹೈಸ್ಕೂಲ್ ಮೇಷ್ಟ್ರು: ಅಜ್ಜಿ ಆ ಪ್ರಶ್ನೆ ಕೇಳಿದ ಕೂಡಲೇ ಜಾತಿ ಬಂತಲ್ಲ ತಾಯಿ. ಅಲ್ಲಿಂದಾಚೆ ಹಗುರವಾಗಿ ಬರೆಯುವುದು ಕಷ್ಟ. ಬರೆಯುವವರು ಹಿಂಜರಿಯುವುದು ಅಲ್ಲೇ ಇರಬೇಕು.

ಹಳೇ ಓದುಗಿ, ಸಕಲೇಶಪುರ: ಕಷ್ಟ, ಆದರೆ ಆಗದ್ದಲ್ಲ. ಈ ಪುಸ್ತಕ ಮೊಮ್ಮಗಳು ಕೊಟ್ಟು ನಾನೂ ಓದಿದ್ದೇನೆ. ಆ ಹುಡುಗಿಗೆ ತಾಯಿ ಇಲ್ಲ, ಅಕ್ಕತಂಗಿಯರು ಮೂವರೂ ಅಪ್ಪನ ಜೊತೆ ಬೆಳೆದವರು. ಆ ನೋವನ್ನು ಮುಚ್ಚಿಟ್ಟಿಲ್ಲ, ಹಾಗಂತ ನಗು ನಿಂತೂ ಇಲ್ಲ.

ತೋಟದ ಮನೆ, ಆಲ್ದೂರು: ಎಸ್ಸೆಸ್ಸೆಲ್ಸಿ ಮುಗಿಯಲಿ, ಆಮೇಲೆ ಏನು ಬೇಕಾದರೂ ಓದಲಿ. ನನ್ನ ಮಾತು ಇಷ್ಟೇ.

ಹಾಸನದ ಅಮ್ಮ: ಪುಸ್ತಕ ಕಿತ್ತುಕೊಳ್ಳಲ್ಲ. ಆದರೆ ನನ್ನ ಫೋನಿನಲ್ಲಿ ಏನೇನು ಓದುತ್ತಾಳೆ ಅಂತ ಇವತ್ತೇ ಕೇಳುತ್ತೇನೆ. ಅಂದಹಾಗೆ ಕಥೆ ಇದೊಂದೇ ಪುಸ್ತಕಕ್ಕೆ ಮುಗಿಯುತ್ತದಾ?

ಪಿಯು ಬೆಂಚು, ಚಿಕ್ಕಮಗಳೂರು: ಇಲ್ಲ ಆಂಟಿ, ಇನ್ನೂ ಎರಡಿವೆ, 2015ರದ್ದು ಮತ್ತು 2017ರದ್ದು. ಮೂರನೆಯದರಲ್ಲಿ ಅವಳ ದೊಡ್ಡ ತಲೆನೋವು ಕಾಲೇಜ್ ಅಡ್ಮಿಷನ್. ಆಲ್ದೂರಿನ ಅಂಕಲ್ ಗಮನಿಸಿ.