ಅಪ್‌ಡೇಟ್: ರಜೆಯ ಸೇವಾ ಪ್ರವಾಸಕ್ಕೆ ಹೋಗಿ ಬಂದೆ

ಕಾಲೇಜು ರಜೆಯಲ್ಲಿ ಧಾರ್ಮಿಕ ಸಂಸ್ಥೆಯ ಸೇವಾ ಪ್ರವಾಸಕ್ಕೆ ಹೋಗಬಹುದೇ, ಅಲ್ಲಿ ನಮ್ಮಿಂದ ಧರ್ಮಪ್ರಚಾರ ಮಾಡಿಸುತ್ತಾರೆಯೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ವಂದನೆಗಳು.

ನಿಮ್ಮಲ್ಲೊಬ್ಬರು ಸೂಚಿಸಿದ 1994ರ ರೆಡ್‌ಕ್ರಾಸ್ ನೀತಿ ಸಂಹಿತೆ (ವಿಪತ್ತು ಪರಿಹಾರಕ್ಕೆ ಇಳಿಯುವ ಸಂಸ್ಥೆಗಳು ಪಾಲಿಸಬೇಕಾದ ತತ್ವಗಳ ಪಟ್ಟಿ) ತುಂಬಾ ಉಪಯೋಗಕ್ಕೆ ಬಂತು. ನೆರವನ್ನು ರಾಜಕೀಯ ಅಥವಾ ಧಾರ್ಮಿಕ ನಿಲುವಿನ ಪ್ರಚಾರಕ್ಕೆ ಬಳಸಬಾರದು ಎನ್ನುತ್ತದೆ ಅದರ ಮೂರನೆಯ ತತ್ವ. ಅದನ್ನು ರೂಪಿಸಿದವರಲ್ಲಿ ಕ್ಯಾಥೊಲಿಕ್ ಸೇವಾಸಂಸ್ಥೆಯಾದ ಕಾರಿತಾಸ್‌ನಂತಹ ಧಾರ್ಮಿಕ ಸಂಸ್ಥೆಗಳೇ ಇದ್ದವು! ನೀವು ಇದನ್ನು ಪಾಲಿಸುತ್ತೀರಾ ಎಂದು ಸಂಸ್ಥೆಗಳಿಗೆ ನೇರವಾಗಿ ಬರೆದೆ. ಒಂದು ಕಡೆಯಿಂದ ಹಾರಿಕೆಯ ಉತ್ತರ ಬಂತು. ಅದನ್ನು ಅಲ್ಲಿಗೇ ಬಿಟ್ಟೆ. ಅನಾಥಾಲಯದ ಮಕ್ಕಳ ಜೊತೆ ಕೆಲವು ದಿನ ಕಳೆಯುವ ಕಾರ್ಯಕ್ರಮವೂ ಬೇಡವೆನಿಸಿತು. ಹಚ್ಚಿಕೊಂಡವರು ಪದೇ ಪದೇ ಬಿಟ್ಟುಹೋಗುತ್ತಿದ್ದರೆ ಮಕ್ಕಳಿಗೆ ಪೆಟ್ಟು ಬೀಳುತ್ತದೆ.

ಕೊನೆಗೆ ಹೋದದ್ದು ಮನೆ ದುರಸ್ತಿಗೆ. ಕಿಟಕಿ ಚೌಕಟ್ಟುಗಳ ಹಳೆಯ ಬಣ್ಣ ಕೆರೆದು, ಮರಳುಕಾಗದದಿಂದ ಉಜ್ಜುವುದೇ ನನ್ನ ಪಾಲಿನ ಸೇವೆ. ಉಜ್ಜಿದ್ದು ಸಾಕೆಂದು ನಾನು ಕೈಬಿಟ್ಟಲ್ಲೆಲ್ಲ ಮನೆಯೊಡತಿ ಬೆರಳಾಡಿಸಿ, ಒರಟು ಸಿಕ್ಕರೆ ಮಾತಿಲ್ಲದೆ ಕಾಗದವನ್ನು ಮತ್ತೆ ನನ್ನ ಕೈಗಿಡುತ್ತಿದ್ದರು. ಉಪಕಾರ ಮಾಡಲು ಬಂದವನೆಂಬ ಠೀವಿ ಅಲ್ಲಿ ನಡೆಯಲಿಲ್ಲ.

ಪ್ರಾರ್ಥನೆ ಪ್ರತಿ ಸಂಜೆ ಇತ್ತು, ಒತ್ತಾಯವಿರಲಿಲ್ಲ. ನಾನು ಕೂರುತ್ತಿದ್ದದ್ದು ನಂತರದ ಚರ್ಚೆಗೆ ಮಾತ್ರ. ಈ ಮನೆಗಳು ಇಷ್ಟು ಹದಗೆಟ್ಟದ್ದೇಕೆ ಎಂಬ ಪ್ರಶ್ನೆಗೆ ಅಲ್ಲಿ ಬಿಸಿ ಬಿಸಿ ವಾಗ್ವಾದವೇ ನಡೆಯುತ್ತಿತ್ತು.

ಖರ್ಚಿನ ಬಗ್ಗೆ ಕೇಳಿದ್ದವರಿಗೆ: ಶುಲ್ಕದಲ್ಲಿ ಸಾಮಗ್ರಿಗೆಷ್ಟು, ನಮ್ಮ ಊಟ-ವಸತಿಗೆಷ್ಟು ಎಂಬ ವಿವರವನ್ನು ಹಣ ಕಟ್ಟುವ ಮೊದಲೇ ಕೇಳಿ ಪಡೆಯಿರಿ.