ಬಾಣಂತನಕ್ಕೆ ಅಮ್ಮ ಬರುತ್ತಿದ್ದಾರೆ, ಆಸ್ಪತ್ರೆಯವರಿಗೆ ಏನೆಲ್ಲ ಹೇಳಿಡಬೇಕು?

ಮುಳ್ಳೇರಿಯಾದವಳು, ಈಗ ಲೀಡ್ಸ್:

ಎಲ್ಲರಿಗೂ ನಮಸ್ಕಾರ. ನನಗೆ ಈಗ ಏಳು ತಿಂಗಳು. ದೊಡ್ಡವಳಿಗೆ ಎಂಟು ವರ್ಷ. ಅವಳು ಹುಟ್ಟಿದ್ದು ಊರಲ್ಲಿ, ಹಾಗಾಗಿ ಇಲ್ಲಿನ ಹೆರಿಗೆ ನನಗೆ ಹೊಸದು. ಬಾಣಂತನಕ್ಕೆ ಅಮ್ಮ ಬರುತ್ತಿದ್ದಾರೆ. ಅಮ್ಮನಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಉಂಟು. ಕನ್ನಡ, ತುಳು ಬಿಟ್ಟರೆ ಬೇರೆ ಭಾಷೆ ಬಾರದು. ಮಿಡ್‌ವೈಫ್ ಹತ್ತಿರ ಹೇಳಿದರೆ "ನೀವು ಕೇರಳದವರಲ್ಲವಾ, ಮಲಯಾಳಂ ದುಭಾಷಿ ಸಿಗುತ್ತಾರೆ" ಅಂದರು. ನಮ್ಮದು ಕಾಸರಗೋಡು ಜಿಲ್ಲೆ, ಪಾಸ್‌ಪೋರ್ಟಿನಲ್ಲಿ ಕೇರಳ ಅಂತಲೇ ಇರುವುದು, ಅವರದ್ದೇನು ತಪ್ಪು! ಅಗತ್ಯ ಬಿದ್ದರೆ ಮಗಳೇ ಅಜ್ಜಿಯ ಮಾತನ್ನು ಇಂಗ್ಲಿಷಿಗೆ ಮಾಡಿ ಹೇಳ್ತಾಳೆ ಅಂತ ನಮ್ಮ ಯಜಮಾನರು.

ಇನ್ನೊಂದು ವಿಷಯ. ಅಮ್ಮ ಬಜೆ, ಜೇನು, ಕಾಡಿಗೆ, ಲೇಹ್ಯ ಎಲ್ಲ ಈಗಲೇ ಕಟ್ಟಿಟ್ಟಾಗಿದೆ. ಇದನ್ನೆಲ್ಲ ಇಲ್ಲಿಯವರಿಗೆ ಹೇಳಬೇಕಾ? ಹೇಳಿದರೆ ಸುಮ್ಮನೆ ರಗಳೆ ಅಂತಾರೆ ಗೆಳತಿಯರು.

ಬದಿಯಡ್ಕದವಳು, ಬರ್ಮಿಂಗ್‌ಹ್ಯಾಮ್‌ನಲ್ಲಿ ನರ್ಸ್:

ಹೇಳಲೇಬೇಕು ಮಾರಾಯ್ತಿ. ಕೇಳುವುದು ಅವರ ಕೆಲಸ ಹೌದು. ಆದರೆ ಬಜೆ ಅಂತ ಒಂದು ವಸ್ತು ಲೋಕದಲ್ಲಿದೆ ಅಂತಲೇ ಗೊತ್ತಿಲ್ಲದವರು ಅದರ ಬಗ್ಗೆ ಹೇಗೆ ಕೇಳಿಯಾರು?

ಮೊದಲು ಜೇನಿನ ವಿಷಯ. ಒಂದು ವರ್ಷ ತುಂಬುವವರೆಗೆ ಮಗುವಿನ ನಾಲಗೆಗೆ ಜೇನು ತಾಗಿಸಬಾರದು. ಅದರಲ್ಲಿ ಬೊಟುಲಿಸಮ್ ಎಂಬ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು, ಎಳೆಗರುಳು ಅದನ್ನು ತಡೆಯುವುದಿಲ್ಲ. ನಮ್ಮ ತೋಟದ ಪೆಟ್ಟಿಗೆಯ ಜೇನಾದರೂ ಅಷ್ಟೇ. ಬಜೆ ತೇದು ನೆಕ್ಕಿಸುವುದೂ ಬೇಡ. ಅದರಲ್ಲಿರುವ ಬೀಟಾ-ಅಸರೋನ್ ಎಂಬ ರಾಸಾಯನಿಕದ ಕಾರಣಕ್ಕೆ ಅಮೆರಿಕದಲ್ಲಿ 1968ರಿಂದಲೇ ಆಹಾರದಲ್ಲಿ ಬಜೆಗೆ ನಿಷೇಧ ಉಂಟು. ಪೇಟೆಯ ಕೆಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸ ಸಿಕ್ಕಿದೆ. ದೃಷ್ಟಿ ಬೊಟ್ಟು ಇಡದೆ ಅಮ್ಮನಿಗೆ ಸಮಾಧಾನ ಇಲ್ಲ ಅಂತಾದರೆ ಪಾದದಡಿಗೆ ಬೇರೆ ಏನಾದರೂ ಇಡಲಿ, ಕಣ್ಣಿಗೆ ಬೇಡ. ಲೇಹ್ಯದಲ್ಲಿ ಲೋಹದ ಭಸ್ಮ ಸೇರಿದೆಯಾ ಅಂತ ಡಬ್ಬಿ ನೋಡು. ಎಣ್ಣೆ ತಿಕ್ಕಿ ಮೀಯಿಸುವುದು, ಬಿಸಿನೀರು, ಒಳ್ಳೆಮೆಣಸಿನ ಸಾರು, ಇದಕ್ಕೆಲ್ಲ ಯಾರ ತಕರಾರೂ ಇಲ್ಲ. ಹೆತ್ತ ಗಳಿಗೆಯಲ್ಲೇ ಐಸ್ ಹಾಕಿದ ನೀರು ತಂದುಕೊಟ್ಟಾರು. ಬಿಸಿನೀರು ಬೇಕು ಅಂತ ಮೊದಲೇ ಬರೆಸು.

ಈಗ ಅವರು ತಿಳಿದಿರಬೇಕಾದದ್ದು. ನಮ್ಮ ಮಕ್ಕಳಿಗೆ ಹುಟ್ಟುವಾಗ ಸೊಂಟದ ಕೆಳಗೆ, ಕುಂಡೆಯ ಮೇಲೆ ನೀಲಿ-ಬೂದು ಮಚ್ಚೆ ಇರುವುದು ಸಾಮಾನ್ಯ. ಊರಲ್ಲಿ ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಇಲ್ಲಿ ಗೊತ್ತಿಲ್ಲದವರ ಕಣ್ಣಿಗೆ ಅದು ಏಟಿನ ಗುರುತು, ಅಂದರೆ ಮಗುವಿಗೆ ಯಾರೋ ಹೊಡೆದಿದ್ದಾರೆ ಅಂತ ಅರ್ಥ. ಮುಂದೆ ನರ್ಸರಿಯಲ್ಲಿ ಡಯಪರ್ ಬದಲಿಸುವವರು ಗಾಬರಿಯಾಗಿ ದೂರು ಬರೆದರೆ ವಿಚಾರಣೆ ಶುರುವಾಗುತ್ತದೆ. ಹುಟ್ಟಿದ ಕೂಡಲೇ ಮಗುವಿನ ಆರೋಗ್ಯದ ವಿವರ ಬರೆದಿಡುವ ಕೆಂಪು ಪುಸ್ತಕದಲ್ಲಿ, ಯಾವ ಜಾಗ, ಎಷ್ಟು ದೊಡ್ಡದು ಅಂತ ಬರೆಸಿಕೋ. ನಾಲ್ಕು ವರ್ಷದೊಳಗೆ ಸಾಮಾನ್ಯವಾಗಿ ಮಾಯವಾಗುತ್ತದೆ. ಹಾಗೆಯೇ ಕಾಮಾಲೆ. ನಮ್ಮ ಬಣ್ಣದ ಚರ್ಮದಲ್ಲಿ ಹಳದಿ ಬೇಗ ಕಾಣುವುದಿಲ್ಲ. ಕಣ್ಣಿನ ಬಿಳಿ, ಒಸಡು ನೋಡಬೇಕು, ಅದೂ ಕಿಟಕಿ ಹತ್ತಿರ, ಹಗಲು ಬೆಳಕಲ್ಲಿ. ಸಂಶಯ ಬಂದರೆ ಬಿಲಿರುಬಿನ್ (ಕಾಮಾಲೆಯ ಹಳದಿ ಅಂಶ) ಅಳೆಯಿರಿ ಅಂತ ನೀನೇ ಕೇಳು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೂಡ ಕಪ್ಪು ಚರ್ಮದವರಿಗೆ ಕೆಲವೊಮ್ಮೆ ರಕ್ತದ ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ ಅಂತ 2020ರಲ್ಲಿ ಅಮೆರಿಕದ ಅಧ್ಯಯನವೊಂದು ಹೇಳಿದ ಮೇಲೆ ಇಲ್ಲಿಯೂ ಎಚ್ಚರ ಬಂದಿದೆ.

ದೊಡ್ಡವಳಿಗೆ ಶಾಲೆಯಲ್ಲಿ ಮೂಗಿಗೆ ಬಿಡುವ ಫ್ಲೂ ಲಸಿಕೆ ಕೊಡ್ತಾರಲ್ಲ, ಅದರಲ್ಲಿ ಹಂದಿಯ ಜೆಲಾಟಿನ್ ಇದೆ. ಬೇಡ ಅನ್ನುವವರಿಗೆ ಜೆಲಾಟಿನ್ ಇಲ್ಲದ ಇಂಜೆಕ್ಷನ್ ಉಂಟು. ಎಷ್ಟೋ ಜನ ಸಸ್ಯಾಹಾರಿಗಳು ಇದು ಗೊತ್ತಾದ ಮೇಲೆ ಲಸಿಕೆಯನ್ನೇ ಬಿಟ್ಟಿದ್ದಾರೆ. ಅಷ್ಟು ದೂರ ಹೋಗಬೇಕಾಗಿಯೇ ಇಲ್ಲ.

ಹಾಗಂತ ನಮ್ಮ ಸಂಸ್ಕೃತಿಯನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಆಗುತ್ತದಾ? ನಾನು ಹಿಂದೆ ಇದ್ದ ಒಂದು ವಾರ್ಡಿನಲ್ಲಿ "ಹಿಂದೂ ರೋಗಿ" ಅಂತ ಹಾಳೆ ಇತ್ತು: ಸಸ್ಯಾಹಾರಿ, ಹೀಗೆ, ಹಾಗೆ. ನಮ್ಮ ಬದಿಯಡ್ಕದಲ್ಲಿ ಆ ಹಾಳೆ ಎಷ್ಟು ಮನೆಗೆ ಹೊಂದೀತು? ಒಂದು ಮನೆಯಲ್ಲಿ ನೀರುಳ್ಳಿ ಸಹ ಒಳಗೆ ಬರುವುದಿಲ್ಲ, ಪಕ್ಕದ ಮನೆಯಲ್ಲಿ ಬಂಗುಡೆ ಇಲ್ಲದೆ ಊಟ ಇಳಿಯುವುದಿಲ್ಲ. ಎದುರಿಗಿರುವ ಮನುಷ್ಯನನ್ನು ಕೇಳದೆ ಹಾಳೆ ನೋಡಿದರೆ, ನಿನ್ನ ಅಮ್ಮನಿಗೆ ಮಲಯಾಳಂ ದುಭಾಷಿ ಸಿಕ್ಕಿದ ಹಾಗೆಯೇ.

ಉಪ್ಪಳದವನು, ಶಾರ್ಜಾ:

ಇಲ್ಲಿ ಭಾಷೆಯ ಕಷ್ಟ ಇಲ್ಲ, ನರ್ಸುಗಳಲ್ಲಿ ಅರ್ಧಕ್ಕರ್ಧ ಮಲಯಾಳಿಗಳು. ಬ್ಯಾರಿ ಮನೆಯವರಿಗೆ ಮಲಯಾಳಂ ಏನು ದೂರ! ನಮ್ಮ ಉಮ್ಮನಿಗೂ ಸಕ್ಕರೆ ಕಾಯಿಲೆ. ರಂಝಾನ್ ಬರುವ ಮೊದಲೇ ಡಾಕ್ಟರ್ ಕೂರಿಸಿ "ಉಪವಾಸ ಹಿಡೀತೀರಾ?" ಅಂತ ಕೇಳಿದರು. ಬೇಡ ಅನ್ನಲಿಲ್ಲ, ಮಾತ್ರೆಯನ್ನು ಸಹರಿ (ನಸುಕಿನ ಊಟ), ಇಫ್ತಾರ್ (ಸಂಜೆ ಉಪವಾಸ ಬಿಡುವ) ಹೊತ್ತಿಗೆ ಹೊಂದಿಸಿಕೊಟ್ಟರು. ಸಕ್ಕರೆ 70ರ ಕೆಳಗೆ ಇಳಿದರೆ ಅಥವಾ 300 ದಾಟಿದರೆ ಆ ದಿನದ ಉಪವಾಸ ಅಲ್ಲಿಗೇ ಬಿಡಬೇಕು ಅಂತಲೂ ಹೇಳಿದರು. ಮೊದಲಿನ ಡಾಕ್ಟರು "ಉಪವಾಸ ಮಾಡಲೇಬಾರದು" ಅಂದಿದ್ದರು. ಉಮ್ಮ ಆಯ್ತು ಅಂತ ತಲೆಯಾಡಿಸಿ ಬಂದು ಮನೆಯಲ್ಲಿ ಗುಟ್ಟಾಗಿ ಹಿಡಿದಿದ್ದರು, ಮಾತ್ರೆಯನ್ನೂ ಬಿಟ್ಟು.

ಪೆರ್ಲದವರು, ಮಸ್ಕತ್ತಿನಿಂದ ಊರಿಗೆ ಮರಳಿದವರು:

ಈ ಮಾತುಕತೆ ನೋಡಿ ನಮ್ಮ ಎಣ್ಮಕಜೆಯ ಕಥೆ ನೆನಪಾಯಿತು. ಪರದೇಶಕ್ಕೆ ಹೋಗಬೇಕಾಗಿಯೇ ಇಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಮಕ್ಕಳು ಅಂಗವೈಕಲ್ಯದಿಂದ ಹುಟ್ಟತೊಡಗಿದಾಗ ಪಡ್ರೆಯಲ್ಲಿ ಜನ ಅದನ್ನು ಜಟಾಧಾರಿ ದೈವದ ಕೋಪ ಅಂದುಕೊಂಡರು. ಇಂಥ ಮಾತು ಕೇಳಿದರೆ "ಮೂಢನಂಬಿಕೆ" ಅಂತ ಚೀಟಿ ಬರೆದು ಕಳಿಸುವ ಡಾಕ್ಟರುಗಳೇ ಜಾಸ್ತಿ. ವಾಣೀನಗರದ ಡಾ. ವೈ. ಎಸ್. ಮೋಹನ್ ಕುಮಾರ್ ಅಲ್ಲೇ ಕೂತು ರೋಗ ನೋಡುವವರು. ಒಂದೇ ಪ್ರದೇಶದ ಮನೆಮನೆಗಳಿಂದ ಇಷ್ಟು ಕಾಯಿಲೆ ಯಾಕೆ ಬರುತ್ತಿದೆ ಅಂತ ಅವರಿಗೆ ಕಂಡಿತು, ಅದನ್ನು ಬರೆದು ಹೊರಗೆ ಹಾಕಿದರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಎಂಡೋಸಲ್ಫಾನ್ ನಿಲ್ಲಿಸಿತು. ದೈವದ ಹೆಸರಿನಲ್ಲಿ ಜನ ಹೇಳಿದ್ದರಲ್ಲೂ ಒಂದು ಮಾಹಿತಿ ಇತ್ತು: ಈ ಊರಿಗೆ ಏನೋ ಆಗಿದೆ ಅಂತ.

ನೀರ್ಚಾಲಿನವನು, ನ್ಯೂಜೆರ್ಸಿ:

ಎಲ್ಲ ಸರಿ. ಆದರೆ ಮಗಳು ಅಜ್ಜಿಗೆ ಮಾತು ದಾಟಿಸಿದರೆ ಏನು ತೊಂದರೆ? ನಮ್ಮ ಮಗ ಕನ್ನಡ ಕಲಿತದ್ದೇ ಅಜ್ಜನ ಜೊತೆ ಸುತ್ತಾಡಿ.

ಬದಿಯಡ್ಕದವಳು:

ಅಂಗಡಿಗೆ, ಪಾರ್ಕಿಗೆ ಸುತ್ತಾಡಲಿ ಅಣ್ಣ, ಒಳ್ಳೆಯದೇ. ಡಾಕ್ಟರ ಕೋಣೆ ಬೇರೆ. ಎಂಟು ವರ್ಷದ ಹುಡುಗಿಯ ಎದುರು ಯಾವ ಅಜ್ಜಿ ಮೂತ್ರದ ಉರಿ, ಕೆಳಹೊಟ್ಟೆ ಜಾರಿದ್ದು ಹೇಳ್ತಾಳೆ? ಡಾಕ್ಟರು ಕೆಟ್ಟ ಸುದ್ದಿ ಹೇಳಿದರೆ ಅದನ್ನು ಅಜ್ಜಿಗೆ ದಾಟಿಸುವ ಭಾರ ಆ ಮಗುವಿಗಾ? ಗಂಡನನ್ನು ದುಭಾಷಿ ಮಾಡುವುದೂ ಅಷ್ಟೇ. ಮನೆಯಲ್ಲಿ ಕಷ್ಟ ಇರುವ ಹೆಂಗಸು ಬಾಯಿ ಬಿಡುವುದೇ ಇಲ್ಲ. ನಿಮ್ಮ ಅಮೆರಿಕದಲ್ಲೂ ತುರ್ತು ಸಂದರ್ಭ ಬಿಟ್ಟು ಚಿಕ್ಕ ಮಕ್ಕಳಿಂದ ಹೇಳಿಸಬಾರದು ಅಂತ 2016ರ ನಿಯಮ ಬಂದಿದೆ. ಇಲ್ಲಿ ದುಭಾಷಿಗೆ ನಾವು ದುಡ್ಡು ಕೊಡಬೇಕಾಗಿಲ್ಲ, ಫೋನಿನಲ್ಲೂ ಸಿಗ್ತಾರೆ. ತುಳು ಸಿಗುವುದು ಕಷ್ಟ, ಕನ್ನಡ ಕೇಳು. ಅಮ್ಮ ಬಂದ ವಾರದಲ್ಲೇ ಜಿಪಿ (ಮನೆ ಹತ್ತಿರದ ಕುಟುಂಬ ವೈದ್ಯರು) ಹತ್ತಿರ ಹೆಸರು ಬರೆಸು, ನೆಂಟಳಾಗಿ ಬಂದವರಿಗೂ ಅಲ್ಲಿ ನೋಡ್ತಾರೆ. ಊರಿನ ಮಾತ್ರೆಗಳ ಹೆಸರಿಗಿಂತ ಒಳಗಿನ ಔಷಧದ ಹೆಸರು, ಪ್ರಮಾಣ ಬರೆದು ತರಲಿ. ಬ್ರ್ಯಾಂಡ್ ಇಲ್ಲಿ ಯಾರಿಗೂ ತಿಳಿಯದು.

ಮುಳ್ಳೇರಿಯಾದವಳು:

ಅಕ್ಕ, ಮಿಡ್‌ವೈಫ್‌ಗೆ ಈಗಲೇ ಬರೆದೆ: ಭಾಷೆ ಕನ್ನಡ, ದುಭಾಷಿ ಹೆಂಗಸಾದರೆ ಒಳ್ಳೆಯದು, ಹೆರಿಗೆ ಆದ ಮೇಲೆ ಬಿಸಿನೀರು. ಜೇನು ತಂದರೆ ನಾವೇ ದೋಸೆಗೆ ಹಾಕಿ ತಿನ್ನುತ್ತೇವೆ. ಬಜೆ ಬೇಡ ಅಂತ ಅಮ್ಮನಿಗೆ ನಾನು ಹೇಳಿದರೆ ಮಾತ್ರ "ನಿನ್ನನ್ನು ಸಾಕಿದ್ದು ಅದರಲ್ಲೇ" ಅಂತಾರೆ. ನೀವು ಒಂದು ಫೋನ್ ಮಾಡ್ತೀರಾ?

ಬದಿಯಡ್ಕದವಳು:

ನಂಬರ್ ಕಳಿಸು. ಭಾನುವಾರ ರಜೆ ಉಂಟು, ತುಳುವಿನಲ್ಲೇ ಮಾತಾಡ್ತೇನೆ.