ಅವ್ವನ ಕೀಮೋ: ಓದುಗರ ಸ್ಪಂದನ

(ಸ್ತನ ಕ್ಯಾನ್ಸರ್‌ಗೆ ಬೆಂಗಳೂರಿನಲ್ಲಿ ಕೀಮೋ ಮಾಡಿಸಿಕೊಂಡು ಊರಿಗೆ ಮರಳುವ ಅವ್ವನಿಗೆ ಬಾಯಿ ಹುಣ್ಣು, ವಾಕರಿಕೆ, ಕೆಂಪು ಮೂತ್ರ. ಮನೆಯಲ್ಲಿ ಹೇಗೆ ನೋಡಿಕೊಳ್ಳಲಿ ಎಂದು ಹಾವೇರಿ ಜಿಲ್ಲೆಯ ಓದುಗರೊಬ್ಬರು ಕೇಳಿದ್ದರು.)

ತಂಗೀ, ಎಲ್ಲಕ್ಕಿಂತ ಮೊದಲು ಜ್ವರದ ಮಾತು. ಕೀಮೋ ಆದ 7ನೇ ದಿನದಿಂದ 14ನೇ ದಿನದವರೆಗೆ ಸೋಂಕು ತಡೆಯುವ ಬಿಳಿ ರಕ್ತಕಣಗಳು ತೀರಾ ಇಳಿದಿರುತ್ತವೆ. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ ಬೆಳಗಾಗಲಿ ಎಂದು ಕಾಯಬೇಡಿ. ಪ್ಯಾರಾಸಿಟಮಾಲ್ ಕೊಟ್ಟು ನೋಡೋಣ ಅನ್ನುವುದೂ ಬೇಡ. ಮೈ ತಣ್ಣಗಾಗುತ್ತದೆ, ಸೋಂಕು ಒಳಗೇ ಏರುತ್ತದೆ. ಅದಕ್ಕಾಗಿ ಬೆಂಗಳೂರಿಗೇ ಓಡಬೇಕಿಲ್ಲ. ರಾತ್ರಿಯೂ ರಕ್ತಪರೀಕ್ಷೆ ಮಾಡಿ ಡ್ರಿಪ್‌ನಲ್ಲಿ ಆಂಟಿಬಯಾಟಿಕ್ ಕೊಡುವ ಆಸ್ಪತ್ರೆ ಹತ್ತಿರದಲ್ಲಿ ಯಾವುದಿದೆ ಎಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ. ಬಾಗಿಲಲ್ಲೇ ‘ಕೀಮೋ ಆಗಿ ಇಷ್ಟು ದಿನ, ಜ್ವರ ಇಷ್ಟು’ ಅನ್ನಿ. ಸೊಂಟಕ್ಕೆ ಇಂಜೆಕ್ಷನ್ ಚುಚ್ಚಿಸಬೇಡಿ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣ ಕಡಿಮೆಯಿದ್ದರೆ ಒಳಗೆ ರಕ್ತ ಜಿನುಗಿ ಗಡ್ಡೆ ಕಟ್ಟುತ್ತದೆ.

ಬಾಯಿ ಹುಣ್ಣಿಗೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಬೇಕಿಂಗ್ ಪೌಡರ್ ಅಲ್ಲ. ತಿಂದಾಗಲೆಲ್ಲ, ಮಲಗುವ ಮುಂಚೆಯೂ ಮುಕ್ಕಳಿಸಿ ಉಗುಳಲಿ. ನೀರು ದಿನಾ ಹೊಸದಾಗಿ ಮಾಡಿ. ಆಲ್ಕೋಹಾಲ್ ಇರುವ ಮೌತ್‌ವಾಶ್ ಹುಣ್ಣನ್ನು ಕೆರಳಿಸುತ್ತದೆ. ದಿನಾ ಬೆಳಕಿಗೆ ಬಾಯಿ ತೆರೆಸಿ ನೋಡಿ. ನಾಲಿಗೆ ಮೇಲೆ ಒಡೆದ ಹಾಲಿನಂಥ ಬಿಳಿ ಪದರ ಕೂತು, ಬಟ್ಟೆಯಲ್ಲಿ ಒರೆಸಿದರೆ ಅಡಿಯಲ್ಲಿ ಕೆಂಪಗೆ ಕಂಡರೆ ಅದು ಫಂಗಸ್ ಇರಬೇಕು. ಉಪ್ಪುನೀರಿಗೆ ಹೋಗುವುದಿಲ್ಲ, ಔಷಧಿಯೇ ಬೇಕು.

ಕೆಂಪು ಮೂತ್ರ ಡಾಕ್ಸೊರುಬಿಸಿನ್ ಎಂಬ ಕೀಮೋ ಔಷಧಿಯ ಬಣ್ಣ, ಒಂದೆರಡು ದಿನಕ್ಕೆ ತಿಳಿಯಾಗುತ್ತದೆ. ಆಮೇಲೂ ಕೆಂಪಿದ್ದರೆ, ಉರಿಯಿದ್ದರೆ ವೈದ್ಯರಿಗೆ ಹೇಳಲೇಬೇಕು. ಡಾಕ್ಸೊರುಬಿಸಿನ್ ಜೊತೆ ಸಾಮಾನ್ಯವಾಗಿ ಕೊಡುವ ಇನ್ನೊಂದು ಕೀಮೋ ಔಷಧಿ ಸೈಕ್ಲೋಫಾಸ್ಫಮೈಡ್ ಮೂತ್ರಕೋಶವನ್ನು ಕೆಡಿಸಬಲ್ಲದು. ನೀರು ಚೆನ್ನಾಗಿ ಕುಡಿಸಿ, ಮೂತ್ರ ತಡೆದುಕೊಳ್ಳಲು ಬಿಡಬೇಡಿ. ಮೊದಲ 48 ಗಂಟೆ ವಾಂತಿ, ಮಲಮೂತ್ರ ತೊಳೆಯುವಾಗ ನಿಮ್ಮ ಕೈಗೆ ಗ್ಲೌಸ್ ಇರಲಿ.
– ಶುಶ್ರೂಷಕಿ, ಮೈಸೂರು

ವಾಂತಿ ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ಕೊಟ್ಟರೆ ತಡವಾಯಿತು. ಮೊದಲ ದಿನ ಆರಾಮಿದ್ದವರಿಗೂ 2ರಿಂದ 5ನೇ ದಿನದೊಳಗೆ ವಾಕರಿಕೆ ಬರಬಹುದು. ಬರೆದುಕೊಟ್ಟಷ್ಟು ದಿನ ಗಡಿಯಾರ ನೋಡಿ ಕೊಡಿ. ಒಂಡನ್‌ಸೆಟ್ರಾನ್ ಎಂಬ ವಾಂತಿ ಮಾತ್ರೆಗೆ ಮಲ ಕಟ್ಟುತ್ತದೆ, ಜನ ಅದನ್ನು ಕೀಮೋದ ಲೆಕ್ಕಕ್ಕೆ ಹಾಕಿ ಸುಮ್ಮನಿರುತ್ತಾರೆ. ವೈದ್ಯರನ್ನು ಕೇಳಿ ಮಲ ಸಡಿಲಿಸುವ ಔಷಧಿ ತನ್ನಿ, ಎನಿಮಾ ಬೇಡ. ವಾಂತಿ ತಡೆಯಲು ಕೊಡುವ ಸ್ಟೀರಾಯ್ಡ್ ಡೆಕ್ಸಾಮೆಥಾಸೋನ್ ಇದ್ದರೆ ಬೆಳಿಗ್ಗೆ ತಿಂಡಿಯಾದ ಮೇಲೆ ಕೊಡಿ. ಸಂಜೆ ಕೊಟ್ಟರೆ ರಾತ್ರಿಯಿಡೀ ನಿದ್ದೆಯಿಲ್ಲ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರುತ್ತದೆ. ನೆಂಟರು ತಂದುಕೊಡುವ ಕಷಾಯ, ಅಮೃತಬಳ್ಳಿ ಪುಡಿ ದಯವಿಟ್ಟು ಬೇಡ. ಅಮೃತಬಳ್ಳಿಯಿಂದ ಯಕೃತ್ತು ಕೆಟ್ಟ ಪ್ರಕರಣಗಳಿವೆ.
– ಔಷಧ ಅಂಗಡಿಯವರು, ಶಿವಮೊಗ್ಗ

ಒಗ್ಗರಣೆ ಹಾಕುವಾಗ ಅವ್ವನನ್ನು ಪಡಸಾಲೆಯಲ್ಲಿ, ಗಾಳಿ ಬರುವ ಕಡೆ ಕೂರಿಸಿ. ಬಿಸಿ ಅನ್ನದ ವಾಸನೆಗೇ ವಾಕರಿಕೆ ಬರುತ್ತದೆ, ಆರಿಸಿ ಕೊಡಿ. ಬಾಯಿ ಕಬ್ಬಿಣದ ರುಚಿ ಅಂದರೆ ಸ್ಟೀಲ್ ಚಮಚ ಬಿಟ್ಟು ಮರದ್ದೋ ಪ್ಲಾಸ್ಟಿಕ್ಕಿನದೋ ಕೊಡಿ. ಹಾಲು ಹಾಕಿದ ರಾಗಿ ಗಂಜಿ, ಮೆತ್ತಗೆ ಬೇಯಿಸಿದ ಹೆಸರುಬೇಳೆ, ಪೂರ್ತಿ ಬೆಂದ ಮೊಟ್ಟೆ, ಎರಡು ಗಂಟೆಗೊಮ್ಮೆ ಅರ್ಧ ಬಟ್ಟಲು ಸಾಕು. ಹಸಿ ಕೋಸಂಬರಿ, ಅಂಗಡಿಯ ಜ್ಯೂಸ್ ಬೇಡ. ಇನ್ನೊಂದು ಮಾತು: ಅವ್ವನಿಗೆ ಬಲು ಇಷ್ಟದ ಅಡುಗೆಯನ್ನು ಕೀಮೋ ದಿನ ಮಾಡಬೇಡಿ. ವಾಂತಿಯ ಜೊತೆ ಆ ರುಚಿ ಸೇರಿಕೊಂಡರೆ ಮುಂದೆಯೂ ಅದನ್ನು ಮುಟ್ಟುವುದಿಲ್ಲ.
– ಆಹಾರ ತಜ್ಞೆ, ಧಾರವಾಡ

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ರೇಷನ್ ಕಾರ್ಡ್, ಆಧಾರ್ ಎರಡರಲ್ಲೂ ಅವ್ವನ ಹೆಸರು ಒಂದೇ ರೀತಿ ಇದೆಯೇ ನೋಡಿಕೊಳ್ಳಿ. ರೈಲಿನಲ್ಲಿ ಸ್ಲೀಪರ್ ಮತ್ತು 3 ಟಯರ್ ಎಸಿಗೆ ಕ್ಯಾನ್ಸರ್ ರೋಗಿಗೆ ಪೂರ್ತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ 75 ರಿಯಾಯಿತಿ ಇದೆ. ಆಸ್ಪತ್ರೆಯಲ್ಲಿ ರೈಲ್ವೆ ನಮೂನೆಯ ಪ್ರಮಾಣಪತ್ರ ಬರೆಸಿಕೊಂಡು ಕೌಂಟರ್‌ನಲ್ಲಿ ಟಿಕೆಟ್ ಮಾಡಿಸಿ.
– ಓದುಗರು, ಹುಬ್ಬಳ್ಳಿ